ಗೇಮ್ ಮಾಡುವುದನ್ನು ಓದಬೇಕು ಅಂದರೆ ಅಪ್ಪಯ್ಯ ರಮ್ಮಿ ಅಂದುಕೊಂಡಿದ್ದಾರೆ

ತೋಟದಮನೆ ಹುಡುಗ · ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಮುಗಿದಿದೆ, ಪಿಸಿಎಂಸಿ. ಸಿಇಟಿ ಬರೆದು ರಿಸಲ್ಟ್ ಕಾಯುತ್ತಿದ್ದೇನೆ. ಕಂಪ್ಯೂಟರ್ ಗೇಮ್ ಮಾಡುವ ಸಾಫ್ಟ್‌ವೇರ್ ಓದಬೇಕು ಅಂತ ಆಸೆ. ಆಡುವುದಲ್ಲ, ಮಾಡುವುದು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಪ್ಪಯ್ಯ ತಲೆ ಎತ್ತಲಿಲ್ಲ. "ಪಕ್ಕದ ಕೇರಿಯವನು ಮೊಬೈಲಲ್ಲಿ ರಮ್ಮಿ ಆಡಿ ಬೈಕ್ ಮಾರಿದ. ನೀನು ಓದಿಕೊಂಡು ಬಂದು ತೋಟ ಮಾರು" ಅಂದರು. ಅಮ್ಮ ಮಜ್ಜಿಗೆ ಬಡಿಸಿದರು. ಮಾತು ಅಲ್ಲಿಗೆ ನಿಂತಿತು.

ಬ್ರಿಟನ್ನಿನಲ್ಲಿ ಇದಕ್ಕೇ ಅಂತ ಡಿಗ್ರಿ ಇದೆ ಎಂದು ನೋಡಿದೆ. ಇಲ್ಲಾದರೆ ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟ್ ಸಿಗಬಹುದು. ಯಾವುದು ಸರಿ? ನನ್ನ ಹತ್ತಿರ ಇರುವುದು ಅಣ್ಣನ ಹಳೇ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನೆಟ್ ಬೇಕಾದರೆ ಗುಡ್ಡದ ಮೇಲಿನ ಗೇರು ಮರದ ಹತ್ತಿರ ಹೋಗಬೇಕು. ಇಷ್ಟರಲ್ಲಿ ಏನಾದರೂ ಆಗುತ್ತಾ? ದಯವಿಟ್ಟು ನಗಬೇಡಿ.

ಗೋಪಿ ಸರ್ಕಲ್ · ಶಿವಮೊಗ್ಗ

ನಗಲ್ಲ ಮಾರಾಯ. ಮೊದಲು ಅಪ್ಪಯ್ಯನ ವಿಷಯ. ಅವರ ಭಯ ಸುಮ್ಮನೆ ಬಂದದ್ದಲ್ಲ. ನಮ್ಮ ಬೀದಿಯಲ್ಲೂ ಹಾಗೆ ಕೈ ಸುಟ್ಟುಕೊಂಡ ಎರಡು ಮನೆ ಇವೆ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತಲ್ಲ, ಅದರಲ್ಲಿ ದುಡ್ಡು ಕಟ್ಟಿ ಆಡಿಸುವ ಆಟಗಳನ್ನು ನಿಷೇಧ ಮಾಡಿದ್ದಾರೆ. ಇ-ಸ್ಪೋರ್ಟ್ಸ್ ಮತ್ತು ಸುಮ್ಮನೆ ಖುಷಿಗೆ ಆಡುವ ಆಟಗಳು ಬೇರೆ ಅಂತ ಅದೇ ಕಾಯ್ದೆ ಹೇಳುತ್ತದೆ. ಆ ಸುದ್ದಿ ಬಂದ ಪೇಪರ್ ಹುಡುಕಿ ಅಪ್ಪಯ್ಯನ ಮುಂದೆ ಇಡು. ಬಾಯಲ್ಲಿ ಹೇಳಬೇಡ. ಪೇಪರಿನಲ್ಲಿ ಬಂದದ್ದಕ್ಕೆ ನಮ್ಮ ಕಡೆ ಬೆಲೆಯೇ ಬೇರೆ.

ಅಡಿಕೆ ಮಂಡಿ · ಸಾಗರ

ಕಾಯ್ದೆ ಇರಲಿ. ಹೊಟ್ಟೆಪಾಡಿಗೆ ಏನು? ನನ್ನ ಮಗಳೂ ಹೋದ ವರ್ಷ ಇದನ್ನೇ ಕೇಳಿದಳು, ಆಗ ಸ್ವಲ್ಪ ವಿಚಾರಿಸಿದ್ದೆ. 2023, 2024ರಲ್ಲಿ ಜಗತ್ತಿನ ತುಂಬಾ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿವೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಒಂದೇ ತನ್ನ ಗೇಮ್ ವಿಭಾಗದಿಂದ 1900 ಜನರನ್ನು ತೆಗೆಯಿತು. ಅಡಿಕೆ ರೇಟ್ ಬಿದ್ದರೆ ಮುಂದಿನ ವರ್ಷ ಏಳಬಹುದು ಅಂತ ಕಾಯಬಹುದು, ಮರ ಅಲ್ಲೇ ಇರುತ್ತದೆ. ಕೆಲಸ ಹೋದವನು ಏನು ಕಾಯುವುದು? ಹುಡುಗನಿಗೆ ಸುಮ್ಮನೆ ಹುರಿದುಂಬಿಸಬೇಡಿ.

ಆಗುಂಬೆ ಮಳೆ · ಈಗ ಬೆಂಗಳೂರು

ತಮ್ಮಾ, ನಾನು ಇದನ್ನೇ ಓದಿದವಳು. ಸ್ಕಾಟ್ಲೆಂಡಿನಲ್ಲಿ. ಯಾವ ಯೂನಿವರ್ಸಿಟಿ ಅಂತ ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಉದ್ದ ಆಗುತ್ತದೆ, ಗೇರು ಮರದ ಹತ್ತಿರ ಕೂತೇ ಓದು.

ಮೊದಲು ಒಂದು ಊರಿನ ಕಥೆ. ಡಂಡೀ ಅಂತ ಸ್ಕಾಟ್ಲೆಂಡಿನ ಒಂದು ಊರು. ಬಂಗಾಳದ ಸೆಣಬು ತರಿಸಿ ಗೋಣಿ ನೇಯ್ದು ಬದುಕಿದ ಊರು ಅದು. ಗಿರಣಿಗಳು ಮುಚ್ಚುತ್ತಾ ಬಂದವು. 1980ರ ದಶಕದಲ್ಲಿ ಅಲ್ಲಿದ್ದ ಟೈಮೆಕ್ಸ್ ಕಾರ್ಖಾನೆಯಲ್ಲಿ ಸ್ಪೆಕ್ಟ್ರಮ್ ಅನ್ನುವ ಅಗ್ಗದ ಕಂಪ್ಯೂಟರ್ ಜೋಡಿಸುತ್ತಿದ್ದರು. ಹಾಗಾಗಿ ಆ ಊರಿನ ಹುಡುಗರ ಕೈಗೆ ಕಂಪ್ಯೂಟರ್ ಬೇಗ ಸಿಕ್ಕಿತು. ಮೊದಲ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮ್ ಬಂದದ್ದು 1997ರಲ್ಲಿ, ಮಾಡಿದ್ದು ಡಂಡೀಯ ಡಿಎಂಎ ಡಿಸೈನ್. ಅದೇ 1997ರಲ್ಲಿ ಅಲ್ಲಿನ ಅಬರ್ಟೇ ಯೂನಿವರ್ಸಿಟಿ ಗೇಮ್‌ಗೇ ಅಂತ ಡಿಗ್ರಿ ಶುರು ಮಾಡಿತು. ಇನ್ನೊಂದು ತಮಾಷೆ ನೋಡು. ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಶುರುವಾದದ್ದೂ 1997ರಲ್ಲೇ. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್. ಅಂದರೆ ನೀನು ಕನಸು ಕಾಣುತ್ತಿರುವ ಕೆಲಸ ಶಿವಮೊಗ್ಗದಿಂದ ಒಂದು ರಾತ್ರಿ ರೈಲಿನಷ್ಟು ದೂರದಲ್ಲೂ ಇದೆ.

ಈಗ ಕೋರ್ಸು. ಹೆಸರಲ್ಲಿ ಗೇಮ್ ಇದ್ದರೂ ಒಳಗಿರುವುದು ಸಾಫ್ಟ್‌ವೇರ್. ಮೊದಲ ವರ್ಷ ಸಿ ಪ್ಲಸ್ ಪ್ಲಸ್, ವೆಕ್ಟರ್, ಮ್ಯಾಟ್ರಿಕ್ಸ್, ಡೇಟಾ ಸ್ಟ್ರಕ್ಚರ್. ನಮ್ಮ ಕ್ಲಾಸಿನಲ್ಲಿ "ನಾನು ದಿನಕ್ಕೆ ಹತ್ತು ಗಂಟೆ ಗೇಮ್ ಆಡುತ್ತೇನೆ" ಅಂತ ಬಂದವರಲ್ಲಿ ಸುಮಾರು ಜನ ಕ್ರಿಸ್‌ಮಸ್ ಹೊತ್ತಿಗೆ ಬೇರೆ ಕೋರ್ಸಿಗೆ ಹಾರಿದರು. ಪಿಯುಸಿಯಲ್ಲಿ ಡಾಟ್ ಪ್ರಾಡಕ್ಟ್ ಓದಿದ್ದೀಯಲ್ಲ? ಗೇಮಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಅಂದುಕೋ, ಅವನು ಯಾವ ಕಡೆ ಮುಖ ಮಾಡಿದ್ದಾನೆ ಅನ್ನುವುದು ಒಂದು ವೆಕ್ಟರ್. ಅವನಿಂದ ನೀನಿರುವ ಕಡೆಗೆ ಇನ್ನೊಂದು ವೆಕ್ಟರ್. ಎರಡರ ಡಾಟ್ ಪ್ರಾಡಕ್ಟ್ ಸೊನ್ನೆಗಿಂತ ಜಾಸ್ತಿ ಇದ್ದರೆ ನೀನು ಅವನ ಮುಂದೆ ಇದ್ದೀಯ, ಕಡಿಮೆ ಇದ್ದರೆ ಬೆನ್ನ ಹಿಂದೆ. ಮೂರು ಗುಣಾಕಾರ, ಎರಡು ಕೂಡುವುದು, ಅಷ್ಟೇ. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆನಲ್ಲಾ ಅಂತ ನಾನು ಆವತ್ತು ತಲೆ ಚಚ್ಚಿಕೊಂಡೆ.

ಮೂರನೇ ವರ್ಷ ಗುಂಪು ಪ್ರಾಜೆಕ್ಟ್. ಎಂಟು ಜನ, ಅದರಲ್ಲಿ ಮೂವರು ಆರ್ಟ್ ಕೋರ್ಸಿನವರು. ನಿಜವಾದ ಓದು ಇದೇ. ಒಬ್ಬಳು ಒಂದು ಮರ ಮಾಡಿಕೊಟ್ಟಳು, ನೋಡಲು ಎರಡು ಕಣ್ಣು ಸಾಲದು. ಗೇಮಿನಲ್ಲಿ ಆಕಾರ ಮಾಡುವುದು ಸಣ್ಣ ಸಣ್ಣ ತ್ರಿಕೋನ ಜೋಡಿಸಿ. ಒಂದೇ ಮರಕ್ಕೆ ಎರಡು ಲಕ್ಷ ತ್ರಿಕೋನ! ನಮಗೆ ಬೇಕಿದ್ದದ್ದು ಕಾಡು. ಸೆಕೆಂಡಿಗೆ 60 ಚಿತ್ರ ಬರಬೇಕೆಂದರೆ ಒಂದು ಚಿತ್ರಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಅಷ್ಟರಲ್ಲಿ ಇನ್‌ಪುಟ್, ಫಿಸಿಕ್ಸ್, ಎಐ, ಚಿತ್ರ, ಎಲ್ಲ ಮುಗಿಯಬೇಕು. ಅವಳಿಗೆ ಬೇಜಾರಾಗದ ಹಾಗೆ ಅದನ್ನು ಹೇಳುವುದು ಕೋಡ್ ಬರೆಯುವುದಕ್ಕಿಂತ ಕಷ್ಟವಾಯಿತು. ಎರಡು ವಾರ ಮಾತು ಬಿಟ್ಟಿದ್ದೆವು.

ಬೈಗುಳ: ನಮ್ಮ ಒಬ್ಬ ಮೇಷ್ಟ್ರು ನಾಲ್ಕು ವರ್ಷ ಹಳೆಯ ಎಂಜಿನ್ನಿನಲ್ಲೇ (ಗೇಮ್ ಕಟ್ಟುವ ಸಾಫ್ಟ್‌ವೇರ್) ಪಾಠ ಮಾಡಿದರು. ಗೇಮ್ ಓಡದಿದ್ದರೂ ರಿಪೋರ್ಟ್ ಚೆನ್ನಾಗಿದ್ದರೆ ಮಾರ್ಕ್ಸ್ ಬೀಳುತ್ತಿತ್ತು. ಲ್ಯಾಬ್ ರಾತ್ರಿ 9ಕ್ಕೆ ಬೀಗ.

ದುಡ್ಡು: ಸ್ಕಾಟ್ಲೆಂಡಿನಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಮೂರು. ನಮ್ಮಂಥ ಹೊರಗಿನವರಿಗೆ ಫೀಸು ವರ್ಷಕ್ಕೆ 15 ಸಾವಿರ ಪೌಂಡ್ ಆಸುಪಾಸಿನಿಂದ ಮೇಲೆ. ಬಾಡಿಗೆ, ಊಟ ಬೇರೆ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಇರಲು ಕೊಡುವ ವೀಸಾವನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುತ್ತಿದ್ದಾರೆ. ಸ್ಕಾಲರ್‌ಶಿಪ್ ಸಿಕ್ಕರೆ ಕಣ್ಣು ಮುಚ್ಚಿ ಹೋಗು. ತೋಟ ಅಡ ಇಟ್ಟು ಮಾತ್ರ ಹೋಗಬೇಡ. ಸಾಲದ ಕಂತು ಕಟ್ಟಲು ಗೇಮ್ ಬಿಟ್ಟು ಬ್ಯಾಂಕಿನ ಸಾಫ್ಟ್‌ವೇರ್ ಬರೆಯುತ್ತಿರುವವರು ನನ್ನ ಬ್ಯಾಚಲ್ಲೇ ಇದ್ದಾರೆ. ಅಡಿಕೆ ಮಂಡಿಯವರ ಮಾತನ್ನು ತಳ್ಳಿಹಾಕಬೇಡ.

ಲ್ಯಾಬ್ ಮೇಷ್ಟ್ರು · ಶಿವಮೊಗ್ಗ

ನಾನು ಇದೇ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡಿದವನು. ಇಲ್ಲೇ ಓದಿದರೆ ಏನು ಸಿಗುತ್ತದೆ ಅಂತ ಹೇಳುತ್ತೇನೆ. ವಿಟಿಯು 2018ರ ಸ್ಕೀಮಿನಲ್ಲಿ ಆರನೇ ಸೆಮಿಸ್ಟರಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಇತ್ತು, ಲ್ಯಾಬಿನ ಜೊತೆಗೆ ಮಿನಿ ಪ್ರಾಜೆಕ್ಟ್. ಪರದೆಯ ಮೇಲೆ ಚಿತ್ರ ಬರೆಸುವ ಓಪನ್‌ಜಿಎಲ್ ಬಳಸಿ ಏನಾದರೂ ಮಾಡಿ ತೋರಿಸಬೇಕು. ಒಂದು ವರ್ಷ ಏಳು ಬ್ಯಾಚ್ ಒಂದೇ ವಿಮಾನ ಹಾರಿಸಿದವು. ಬಣ್ಣ ಮಾತ್ರ ಬೇರೆ. ಎಲ್ಲಿಂದ ದುಡ್ಡು ಕೊಟ್ಟು ತಂದಿದ್ದರು ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಅದೇ ವರ್ಷ ಇಬ್ಬರು ಹುಡುಗಿಯರು ಅಳಗುಳಿಮಣೆ ಮಾಡಿಕೊಂಡು ಬಂದರು. ಎರಡು ಸಾಲು, ಸಾಲಿಗೆ ಏಳು ಗುಳಿ. ಕೋಡಿನಲ್ಲಿ ಅದು 14 ಸಂಖ್ಯೆಗಳ ಒಂದು ಸಾಲು (ಅರೇ), ಅಷ್ಟೇ. ಕೊನೆಯ ಗುಳಿಯಿಂದ ಮತ್ತೆ ಮೊದಲ ಗುಳಿಗೆ ಬರಬೇಕಲ್ಲ, ಅದಕ್ಕೆ 14ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಬೇಕು. ಇದು ಒಂದು ಸಂಜೆಯ ಕೆಲಸ. ಕಷ್ಟ ಆಮೇಲೆ ಶುರುವಾಯಿತು. ಒಬ್ಬಳ ಅಮ್ಮಮ್ಮ ಹೊಸನಗರದವರು, ಇನ್ನೊಬ್ಬಳ ಅಮ್ಮಮ್ಮ ಶೃಂಗೇರಿ ಕಡೆಯವರು. ಖಾಲಿ ಗುಳಿ ಬಂದಾಗ ಮುಂದಿನದನ್ನು ಬಾಚಬೇಕೋ, ಜೊತೆಗೆ ಎದುರಿನದನ್ನೂ ಬಾಚಬೇಕೋ ಎಂದು ಇಬ್ಬರು ಮುದುಕಿಯರಿಗೂ ಫೋನಿನಲ್ಲೇ ಜಗಳ. ಕೊನೆಗೆ ಹುಡುಗಿಯರು ನಿಯಮ ಆರಿಸಿಕೊಳ್ಳಲು ಒಂದು ಪುಟ ಸೇರಿಸಿದರು. ನಾನು ಪೂರ್ತಿ ಅಂಕ ಕೊಟ್ಟೆ. ಹೊರಗಿನಿಂದ ಬಂದ ಪರೀಕ್ಷಕರು "ವಿಮಾನದ ಹಾಗೆ ಚಂದ ಇಲ್ಲ" ಅಂತ ಎರಡು ಕಡಿದರು.

ಆರನೇ ಸೆಮ್ · ಭದ್ರಾವತಿ

ಸರ್, ಆ ವಿಮಾನ ಈಗಲೂ ಹಾರುತ್ತಿದೆ.

ಗೋಪಿ ಸರ್ಕಲ್ · ಶಿವಮೊಗ್ಗ

😂 ಲ್ಯಾಂಡ್ ಆಗುವುದೇ ಇಲ್ಲ ಅಲ್ವಾ.

ತುಂಗೆಯ ದಡ · ಮಂಡಗದ್ದೆ

ಒಂದು ಗೊಂದಲ ಬಿಡಿಸಬೇಕು. ಗೇಮ್ ಡಿಸೈನ್ ಬೇರೆ, ಗೇಮ್ ಆರ್ಟ್ ಬೇರೆ, ಗೇಮ್ ಪ್ರೋಗ್ರಾಮಿಂಗ್ ಬೇರೆ. ನನ್ನ ತಂಗಿ ಚಿತ್ರ ಬರೆಯುವವಳು, ಅವಳು ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ನೋಡುತ್ತಿದ್ದಾಳೆ. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಅಂತ ಎಂ.ಡೆಸ್ ಇದೆ, ಡಿಗ್ರಿ ಆದ ಮೇಲೆ ಡ್ಯಾಟ್ ಪರೀಕ್ಷೆ ಬರೆದು ಸೇರಬಹುದು. ಪ್ರೋಗ್ರಾಮರ್ ಆಗಬೇಕಾದವನು ಬ್ರೋಷರಿನ ಚಿತ್ರ ನೋಡಿ ಮರುಳಾಗಿ ಆರ್ಟ್ ಕೋರ್ಸಿಗೆ ಸೇರಿಕೊಂಡರೆ ಕಷ್ಟ. ಸಿಲಬಸ್ಸಿನಲ್ಲಿ ಸಿ ಪ್ಲಸ್ ಪ್ಲಸ್, ಲೀನಿಯರ್ ಆಲ್ಜೀಬ್ರಾ ಇದೆಯಾ ನೋಡು. ಇಲ್ಲದಿದ್ದರೆ ಅದು ನಿನ್ನ ಕೋರ್ಸ್ ಅಲ್ಲ.

ತೋಟದಮನೆ ಹುಡುಗ · ತೀರ್ಥಹಳ್ಳಿ ಕಡೆ

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಸಲ ಓದಿದೆ. ಪೇಪರ್ ತಂದು ಟೀಪಾಯಿ ಮೇಲೆ ಇಟ್ಟಿದ್ದೇನೆ, ಅಪ್ಪಯ್ಯ ಓದಿದ ಹಾಗೆ ಕಾಣುತ್ತದೆ, ಏನೂ ಹೇಳಿಲ್ಲ. ಲ್ಯಾಪ್‌ಟಾಪಿನ ಬಗ್ಗೆ ಯಾರೂ ಹೇಳಲಿಲ್ಲ. ಅನ್‌ರಿಯಲ್ ಅನ್ನುವ ಗೇಮ್ ಎಂಜಿನ್ ಇಳಿಸಲು ಹೋದೆ. ಹತ್ತಾರು ಜಿಬಿ. ಗುಡ್ಡದ ಮೇಲೆ ಮಳೆ ಬಂತು, ಓಡಿ ಬಂದೆ.

ಆಗುಂಬೆ ಮಳೆ · ಈಗ ಬೆಂಗಳೂರು

ಅನ್‌ರಿಯಲ್ ಈಗ ಬೇಡ. ಗೋಡಾಟ್ ಅನ್ನುವ ಎಂಜಿನ್ ಇಳಿಸು. 150 ಎಂಬಿಗಿಂತ ಕಡಿಮೆ, ಪುಕ್ಕಟೆ, ಇನ್‌ಸ್ಟಾಲ್ ಕೂಡ ಮಾಡಬೇಕಾಗಿಲ್ಲ, ಜಿಪ್ ಬಿಚ್ಚಿದರೆ ಓಡುತ್ತದೆ. ಹೊಸ ಪ್ರಾಜೆಕ್ಟ್ ತೆರೆಯುವಾಗ ಯಾವ ರೆಂಡರರ್ (ಚಿತ್ರ ಬರೆಯುವ ಭಾಗ) ಬೇಕು ಅಂತ ಕೇಳುತ್ತದೆ, ಕಂಪ್ಯಾಟಿಬಿಲಿಟಿ ಅನ್ನುವುದನ್ನು ಒತ್ತು. ಅದು ಓಪನ್‌ಜಿಎಲ್ ಮೇಲೆ ಓಡುತ್ತದೆ, ಹಳೇ ಲ್ಯಾಪ್‌ಟಾಪಿಗೂ ನಡೆಯುತ್ತದೆ. ಅದರ ಡಾಕ್ಯುಮೆಂಟೇಶನ್ ಪೂರ್ತಿ ಆಫ್‌ಲೈನ್ ಇಳಿಸಿಕೊಳ್ಳಬಹುದು. ಒಮ್ಮೆ ಗುಡ್ಡ ಹತ್ತಿದರೆ ಸಾಕು.

ಬೆಂಗಳೂರಿನ ಮೊಬೈಲ್ ಗೇಮ್ ಕೆಲಸಗಳಲ್ಲಿ ಯೂನಿಟಿ ಎಂಜಿನ್ ಮತ್ತು ಸಿ ಶಾರ್ಪ್ ಭಾಷೆ ಜಾಸ್ತಿ ಕೇಳುತ್ತಾರೆ, ಅದನ್ನು ಆಮೇಲೆ ಕಲಿತರಾಯಿತು. ಒಂದೇ ಎಂಜಿನ್ನಿಗೆ ಜೋತು ಬೀಳುವುದೂ ಒಳ್ಳೆಯದಲ್ಲ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿಯವರು ಗೇಮ್ ಇನ್‌ಸ್ಟಾಲ್ ಆದಷ್ಟು ಸಲ ಶುಲ್ಕ ಅಂದರು. ದೊಡ್ಡ ಗಲಾಟೆಯಾಯಿತು, ವರ್ಷದ ಮೇಲೆ ವಾಪಸ್ ತೆಗೆದುಕೊಂಡರು.

ತುಂಗೆಯ ದಡ · ಮಂಡಗದ್ದೆ

ಗೋಡಾಟಿಗೆ ನನ್ನದೂ ಒಂದು ವೋಟು. ಕಾರಣ ಕನ್ನಡ. ಯೂನಿಟಿಯಲ್ಲಿ ಅಕ್ಷರ ತೋರಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ನಾನು "ಶಿವಮೊಗ್ಗ" ಅಂತ ಬರೆದರೆ "ಶಿವಮೊಗ್‌ಗ" ಅಂತ ಬಂತು. ನಮ್ಮ ಊರಿನ ಹೆಸರೇ ಬರೆಯಲು ಬಾರದ ಎಂಜಿನ್ ಕಟ್ಟಿಕೊಂಡು ಏನು ಮಾಡುವುದು! ಗೋಡಾಟ್ 3ರಲ್ಲೂ ಇದೇ ರೋಗ ಇತ್ತು. 2023ರಲ್ಲಿ ಬಂದ 4ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಝ್ ಅನ್ನುವ ಸಾಫ್ಟ್‌ವೇರಿಗೆ ಬಿಟ್ಟಿದ್ದಾರೆ. ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಸರಿ ಬರುತ್ತವೆ. ಕನ್ನಡ ಫಾಂಟ್ ಮಾತ್ರ ನೀನೇ ಹಾಕಿಕೊಳ್ಳಬೇಕು.

ತೋಟದಮನೆ ಹುಡುಗ · ತೀರ್ಥಹಳ್ಳಿ ಕಡೆ

ಮೂರು ವಾರ ಆಯಿತು. ಗೋಡಾಟಿನಲ್ಲಿ ಮಂಗ ಓಡಿಸುವ ಆಟ ಮಾಡುತ್ತಿದ್ದೇನೆ. ತೋಟ, ಬಾಳೆಗೊನೆ, ಮೇಲಿನಿಂದ ಮಂಗ ಇಳಿಯುತ್ತವೆ, ಕವಣೆಯಲ್ಲಿ ಕಲ್ಲು ಬೀಸಬೇಕು. ಎರಡು ತೊಂದರೆ. ಒಂದು, ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುವ ಮಂಗ ಅಣ್ಣನ ಹೊಸ ಲ್ಯಾಪ್‌ಟಾಪಿನಲ್ಲಿ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಎರಡು, ಕಲ್ಲು ಜೋರಾಗಿ ಬೀಸಿದರೆ ಮಂಗದ ಮೈ ತೂರಿಕೊಂಡು ಆಚೆ ಹೋಗುತ್ತದೆ, ತಾಗುವುದೇ ಇಲ್ಲ. ಮೆಲ್ಲಗೆ ಬೀಸಿದರೆ ತಾಗುತ್ತದೆ.

ಆಗುಂಬೆ ಮಳೆ · ಈಗ ಬೆಂಗಳೂರು

ಶಹಬ್ಬಾಸ್! ಇವು ಎರಡೂ ನಾನು ಫೀಸು ಕಟ್ಟಿ ಕಲಿತ ಪಾಠ.

ಮೊದಲನೆಯದು. ನೀನು "ಪ್ರತಿ ಫ್ರೇಮಿಗೆ 3 ಪಿಕ್ಸೆಲ್ ನಡೆ" ಅಂತ ಬರೆದಿದ್ದೀಯ ಅಲ್ವಾ? ನಿನ್ನ ಸ್ಕ್ರೀನ್ ಸೆಕೆಂಡಿಗೆ 60 ಫ್ರೇಮಿನದು, ಅಂದರೆ 60 ಚಿತ್ರ. ಅಣ್ಣನದು 144 ಇರಬೇಕು. ಅಲ್ಲಿ ಮಂಗ 2.4 ಪಟ್ಟು ಜೋರು. ಫ್ರೇಮಿನ ಲೆಕ್ಕ ಬಿಡು, ಸೆಕೆಂಡಿನ ಲೆಕ್ಕ ಹಿಡಿ. ಸೆಕೆಂಡಿಗೆ 180 ಪಿಕ್ಸೆಲ್ ಅಂತ ಇಟ್ಟು ಅದನ್ನು ಡೆಲ್ಟಾದಿಂದ ಗುಣಿಸು. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಹೊತ್ತಾಯಿತು ಅನ್ನುವುದೇ ಡೆಲ್ಟಾ, ಗೋಡಾಟ್ ತಾನೇ ಕೊಡುತ್ತದೆ.

ಎರಡನೆಯದಕ್ಕೆ ಟನೆಲಿಂಗ್ ಅನ್ನುತ್ತಾರೆ. ನಿನ್ನ ಕಲ್ಲು ಸೆಕೆಂಡಿಗೆ 3000 ಪಿಕ್ಸೆಲ್ ಹೋಗುತ್ತದೆ ಅಂತ ಇಟ್ಟುಕೋ. 60 ಫ್ರೇಮ್ ಅಂದರೆ ಫ್ರೇಮಿಗೆ 50 ಪಿಕ್ಸೆಲ್. ಮಂಗದ ಅಗಲ 40. ಕಲ್ಲು ಹಾರುವುದಿಲ್ಲ ತಮ್ಮಾ, ನೆಗೆಯುತ್ತದೆ. ಒಂದು ಫ್ರೇಮಿನಲ್ಲಿ ಮಂಗದ ಈಚೆ ಇದ್ದದ್ದು ಮುಂದಿನ ಫ್ರೇಮಿನಲ್ಲಿ ಆಚೆ ಬಿದ್ದಿರಬಹುದು. ಆಗ ಮಂಗದ ಮೈ ಮೇಲೆ ಅದು ಒಂದು ಕ್ಷಣವೂ ಇರಲೇ ಇಲ್ಲ, ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಹಳೆಯ ಜಾಗದಿಂದ ಹೊಸ ಜಾಗಕ್ಕೆ ಒಂದು ಗೆರೆ ಎಳೆ, ಆ ಗೆರೆ ಮಂಗಕ್ಕೆ ತಾಗುತ್ತದಾ ನೋಡು. ರೇಕಾಸ್ಟ್ ಅಂತ ಡಾಕ್ಯುಮೆಂಟೇಶನ್ನಿನಲ್ಲಿ ಹುಡುಕು.

ಲ್ಯಾಬ್ ಮೇಷ್ಟ್ರು · ಶಿವಮೊಗ್ಗ

ಮಂಗದ ಬುದ್ಧಿಯನ್ನು ಹೇಗೆ ಬರೆದಿದ್ದೀಯ? ಇಫ್-ಎಲ್ಸ್ ಒಂದರೊಳಗೊಂದು ತುರುಕಿದ್ದರೆ ಇನ್ನು ಹತ್ತು ದಿನದಲ್ಲಿ ನಿನಗೇ ಅರ್ಥವಾಗುವುದಿಲ್ಲ. ಕಾಗದದ ಮೇಲೆ ವೃತ್ತ ಬರೆ. ತಿನ್ನುವುದು ಒಂದು, ಸುತ್ತ ನೋಡುವುದು ಒಂದು, ಓಡುವುದು ಒಂದು. ಯಾವುದರಿಂದ ಯಾವುದಕ್ಕೆ, ಏನಾದಾಗ ಹೋಗುತ್ತದೆ ಅಂತ ಬಾಣ ಹಾಕು. ಇದೇ ಸ್ಟೇಟ್ ಮಶೀನ್. ಮುಂದೆ ಡಿಗ್ರಿಯಲ್ಲಿ ಆಟೋಮ್ಯಾಟಾ ಥಿಯರಿ ಅಂತ ಬಂದು ಎಲ್ಲರನ್ನೂ ಹೆದರಿಸುತ್ತದೆ. ನೀನು ಹೆದರುವುದಿಲ್ಲ.

ಅಡಿಕೆ ಮಂಡಿ · ಸಾಗರ

ಮಂಗ ಹಾಗೆ ಬರುವುದಿಲ್ಲ. ಮೊದಲು ಒಂದು ದೊಡ್ಡ ಗಡವ ಬಂದು ಎತ್ತರದ ಮರದಲ್ಲಿ ಕೂತು ನೋಡುತ್ತದೆ. ನಾಯಿ ಎಲ್ಲಿದೆ, ಮನೆಯಲ್ಲಿ ಗಂಡಸರು ಇದ್ದಾರಾ ಅಂತ. ಆಮೇಲೆ ಹಿಂಡು. ಕಲ್ಲು ಬಿದ್ದರೆ ಓಡುತ್ತವೆ, ಆದರೆ ಬೇಲಿ ದಾಟುವುದಿಲ್ಲ. ಐದು ನಿಮಿಷ ಕಾದು ಮತ್ತೆ ಬರುತ್ತವೆ. ಒಂದೇ ಥರ ಹೆದರಿಸಿದರೆ ಮೂರನೇ ದಿನ ಕೇರ್ ಮಾಡುವುದಿಲ್ಲ, ಪಟಾಕಿಗೂ ಅಷ್ಟೇ. ಆಟ ಮಾಡುವುದಾದರೆ ಸರಿಯಾಗಿ ಮಾಡು.

ಗೋಪಿ ಸರ್ಕಲ್ · ಶಿವಮೊಗ್ಗ

ನೋಡಿ, ಮಂಡಿಯವರು ಎಐ ಡಿಪಾರ್ಟ್‌ಮೆಂಟಿಗೆ ಸೇರಿದರು.

ಅಡಿಕೆ ಮಂಡಿ · ಸಾಗರ

ಸೇರಿಲ್ಲ. ತಪ್ಪು ಕಂಡರೆ ಹೇಳಬಾರದಾ? ಮತ್ತೆ ಕೇಳುತ್ತೇನೆ, ಇದರಿಂದ ಕೆಲಸ ಸಿಗುತ್ತದಾ?

ಆಗುಂಬೆ ಮಳೆ · ಈಗ ಬೆಂಗಳೂರು

ಬರೀ ಇದರಿಂದ ಸಿಗುವುದಿಲ್ಲ ಅಣ್ಣಾ. ನಾನೇ ಈಗ ಇಂಟರ್‌ವ್ಯೂ ತೆಗೆದುಕೊಳ್ಳುವ ಕಡೆ ಕೂರುತ್ತೇನೆ. ಅರ್ಧ ಮಾಡಿ ಬಿಟ್ಟ ದೊಡ್ಡ ಗೇಮ್ ತೋರಿಸುವವರು ತುಂಬಾ ಜನ. ಒಂದೇ ಲೆವೆಲ್ ಇರಲಿ, ಶುರುವಿನಿಂದ ಕೊನೆಯ ತನಕ ಆಡಲು ಬರುವ ಗೇಮ್ ತರುವವರು ಕಡಿಮೆ. ಅಂಥವರನ್ನು ಕೂರಿಸಿ ಮಾತಾಡುತ್ತೇವೆ. ಆಮೇಲೆ ಸಿ ಪ್ಲಸ್ ಪ್ಲಸ್, ಮೆಮೊರಿ, ಪಾಯಿಂಟರ್ ಎಲ್ಲ ಕೇಳುತ್ತೇವೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ಬೇಕೇ ಬೇಕು. ಗೇಮ್ ಕೆಲಸ ಸಿಗದಿದ್ದರೂ ಆ ಡಿಗ್ರಿ ಬೇರೆ ಕಡೆ ನಡೆಯುತ್ತದೆ. ಹಾಗಾಗಿ ನನ್ನ ಓಟು ಶಿವಮೊಗ್ಗದ ಸೀಟಿಗೆ, ಜೊತೆಗೆ ಮೂರು ನಾಲ್ಕು ಜನ ಸೇರಿ ವರ್ಷಕ್ಕೊಂದು ಸಣ್ಣ ಗೇಮ್ ಮುಗಿಸುವುದಕ್ಕೆ. ಒಬ್ಬನೇ ಮಾಡಬೇಡ. ಚಿತ್ರ ಬರೆಯುವ ಒಬ್ಬರ ಜೊತೆ ಜಗಳ ಆಡದೆ ಇದು ಬರುವುದಿಲ್ಲ.

ತುಂಗೆಯ ದಡ · ಮಂಡಗದ್ದೆ

ಜಗಳಕ್ಕೆ ನನ್ನ ತಂಗಿ ರೆಡಿ ಇದ್ದಾಳೆ. ಮಂಗದ ಚಿತ್ರ ನೋಡಿ "ಇದು ನಾಯಿ ಅಲ್ವಾ?" ಅಂದಳು.

ತೋಟದಮನೆ ಹುಡುಗ · ಈಗ ಶಿವಮೊಗ್ಗ

ತುಂಬಾ ದಿನ ಆಯಿತು, ಕ್ಷಮಿಸಿ. ಶಿವಮೊಗ್ಗದಲ್ಲೇ ಸೀಟ್ ಸಿಕ್ಕಿತು, ಕಂಪ್ಯೂಟರ್ ಸೈನ್ಸ್. ಹಾಸ್ಟೆಲಿನಲ್ಲಿ ನೆಟ್ ಇದೆ, ಗೇರು ಮರ ಇಲ್ಲ. ಮಂಗ ಈಗ ಮಂಗದ ಹಾಗೆ ಇದೆ, ತುಂಗೆಯ ದಡದವರ ತಂಗಿ ಬರೆದುಕೊಟ್ಟರು. ಗಡವನನ್ನೂ ಸೇರಿಸಿದೆ, ಮಂಡಿಯವರಿಗೆ ವಂದನೆ. ಕಲ್ಲು ತಾಗುತ್ತದೆ.

ದಸರಾ ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಜಗಲಿಯಲ್ಲಿ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಅಪ್ಪಯ್ಯ ಒಂದೇ ಬೆರಳಿನಲ್ಲಿ ಆಡುತ್ತಿದ್ದರು. ನನ್ನನ್ನು ನೋಡಿ ಎದ್ದರು. "ಗೊನೆಗೆ ಚೀಲ ಕಟ್ಟಲು ಬರುವುದಿಲ್ಲವಲ್ಲ ಇದರಲ್ಲಿ. ಕಲ್ಲು ಹೊಡೆಯುವುದೊಂದೇನಾ ಕೆಲಸ?" ಅಂದು ಕೊಟ್ಟಿಗೆ ಕಡೆ ಹೋದರು. ಈಗ ಚೀಲ ಕಟ್ಟುವುದನ್ನು ಸೇರಿಸುತ್ತಿದ್ದೇನೆ.

ಒಂದು ಪ್ರಶ್ನೆ. ಅಮ್ಮನ ಮೊಬೈಲಿಗೆ ಹಾಕಬೇಕು. ಆಂಡ್ರಾಯ್ಡ್ ಎಕ್ಸ್‌ಪೋರ್ಟ್ ಒತ್ತಿದರೆ ಕೆಂಪು ಅಕ್ಷರದಲ್ಲಿ ಏನೇನೋ ಬರುತ್ತದೆ, ಮೊಬೈಲಿಗೆ ಹಾಕುವ ಎಪಿಕೆ ಫೈಲ್ ಆಗುವುದೇ ಇಲ್ಲ.

ಆರನೇ ಸೆಮ್ · ಭದ್ರಾವತಿ

ಜೆಡಿಕೆ 17 (ಜಾವಾದ ಕಿಟ್) ಹಾಕಿದ್ದೀಯಾ? ಆಂಡ್ರಾಯ್ಡ್ ಎಸ್‌ಡಿಕೆ (ಆ್ಯಪ್ ಕಟ್ಟುವ ಸಲಕರಣೆ) ಎಲ್ಲಿದೆ ಅಂತ ಎಡಿಟರ್ ಸೆಟ್ಟಿಂಗ್ಸಿನಲ್ಲಿ ತೋರಿಸಬೇಕು. ಆ ಕೆಂಪು ಅಕ್ಷರ ಪೂರ್ತಿ ಕಾಪಿ ಮಾಡಿ ಇಲ್ಲಿ ಹಾಕು, ಫೋಟೋ ಬೇಡ.